ವಾಸನೆ ಇಲ್ಲದ ಬಿಳಿ ಸೋಪು

ಏಪ್ರಿಲ್ 9

ಅಮ್ಮಾ,

ನಾನು ಕ್ಷೇಮ ಅಂತ ಬರೆಯಲ್ಲ. ಕೋಪದಲ್ಲಿದೀನಿ. ನೀನು ಕ್ಷೇಮಾನಾ ಅಂತಾನೂ ಕೇಳಲ್ಲ. ಮೈ ಕೆಂಡ ಆಗಿದ್ರೂ ನೀನು "ಚೆನ್ನಾಗಿದೀನಿ ಕಣೇ" ಅನ್ನೋಳು.

ಸೋಂಕಿನ ಕಾಲ, ಇಲಿ ನೋಡ್ಕೊಳ್ಳೋರು ಹೊರಗೆ ಹೋಗಬಾರದು, ಹತ್ತೇ ದಿನ ಅಂತ ಹೇಳಿ ನಿಮ್ಮ ಐದೂ ಜನಾನ ಆ ಇಲಿ ಕಟ್ಟಡದೊಳಗೆ ಕೂರಿಸಿದ್ರು. ಇವತ್ತಿಗೆ ಇಪ್ಪತ್ಮೂರು. ನಿನ್ನೆ ನಿನ್ನ ಬಟ್ಟೆ ತಗೊಂಡು ಮೆಡಿಕಲ್ ಕಾಲೇಜಿನ ಗೇಟಿಗೆ ಬಂದಿದ್ದೆ. ಗೇಟಣ್ಣ ಒಳಗೆ ಬಿಡಲಿಲ್ಲ. ನಿನ್ನ ಫೋನು ಅವನ ಮೇಜಿನ ಡ್ರಾಯರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿದ್ದಿದೆ, ಸತ್ತ ಮೀನಿನ ಹಾಗೆ. "ಪ್ರಾಣಿಗಳ ಫೋಟೋ ತೆಗೀಬಾರದಲ್ಲಮ್ಮ, ಅದಕ್ಕೇ ಫೋನಿಲ್ಲ. ಚೀಟಿ ಬರಿ, ಸೋಂಕು ಸಾಯಿಸೋ ನೇರಳೆ ಲೈಟಿನ ಡಬ್ಬದಲ್ಲಿಟ್ಟು ಕಳಿಸ್ತೀನಿ" ಅಂದ. ಈ ಕಾಲದಲ್ಲಿ ಕಾಗದ ಬರೆಯೋ ಹಾಗಾಯ್ತು, ಅದೂ ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ನಾನು.

ಅವನನ್ನ ಮಾತಿಗೆಳೆದು ಎಲ್ಲ ತಿಳ್ಕೊಂಡೆ. ಇಲಿಗಳಿಗೆ ಎಸಿ. ಕರೆಂಟ್ ಹೋದ್ರೆ ಒಂದು ಜನರೇಟರು, ಅದು ಕೆಟ್ಟರೆ ಇನ್ನೊಂದು. ನೀವು ಮಲಗೋದು ಪಂಜರ ತೊಳೆಯೋ ಕೋಣೇಲಿ, ಹಸಿ ನೆಲದ ಮೇಲೆ, ಫ್ಯಾನೂ ಇಲ್ಲದೆ. ಹೌದೋ ಅಲ್ವೋ?

ಗೇಟಿಗೆ ಒಂದು ಸುತ್ತೋಲೆ ಅಂಟಿಸಿದಾರೆ. "ಈ ಕಷ್ಟಕಾಲದಲ್ಲಿ ಸಂಶೋಧನೆ ಮತ್ತು ಸಿಬ್ಬಂದಿ ಎರಡರ ಜೊತೆಗೂ ಕಾಲೇಜು ನಿಂತಿದೆ. ಸಿಬ್ಬಂದಿಯ ಮನಸ್ಸಿನ ನೆಮ್ಮದಿಗೆ ಪ್ರತಿ ಬುಧವಾರ ಮೊಬೈಲಿನಲ್ಲಿ ತರಗತಿ." ಯಾವ ಮೊಬೈಲಲ್ಲಮ್ಮಾ? ಡ್ರಾಯರಲ್ಲಿರೋದ್ರಲ್ಲಾ?

ನಾನು ಹೊಟ್ಟೆ ತುಂಬ ತಿಂತಿದೀನಿ. ಬಸ್ಸಿಲ್ಲ, ಊರೆಲ್ಲ ಸೈಕಲ್ಲು. ಮಾವನ ಅಂಗಡೀಲಿ ಪಂಕ್ಚರ್ ಹಾಕಿ ಹಾಕಿ ಉಗುರೆಲ್ಲ ಕಪ್ಪು.

ಉತ್ತರ ಬರದೇ ಇದ್ರೆ ಗೇಟು ಹತ್ತೀನಿ,
ನಿನ್ನ ಮೆಣಸಿನಕಾಯಿ

*

ಏಪ್ರಿಲ್ 14

ಮೆಣಸಿನಕಾಯಿ,

ಗೇಟು ಹತ್ತಬೇಡ. ಗೇಟಣ್ಣನ ಎದೆ ಮೊದಲೇ ವೀಕು.

ಫ್ಯಾನ್ ಇಲ್ಲ, ನಿಜ. ಆದ್ರೆ ನೆಲ ತಂಪಾಗಿರುತ್ತೆ. ನೀನು ಇಲಿಗಳ ಮೇಲೆ ಸಿಟ್ಟಾಗಬೇಡ, ಅವೇನು ಎಸಿ ಕೇಳಿರಲಿಲ್ಲ. ಇವು ಬೇರೆ ಥರದವು ಕಣೇ. ಈ ಸೋಂಕು ಸಾದಾ ಇಲಿಗೆ ತಗಲಲ್ಲ, ಇವಕ್ಕೆ ಮನುಷ್ಯರಿಗೆ ತಗುಲಿದ ಹಾಗೇ ತಗಲುತ್ತೆ. ಲಸಿಕೆ ಮೊದಲು ಇವಕ್ಕೆ, ಆಮೇಲೆ ನಮಗೆ. ಇಡೀ ಕಾಲೇಜಲ್ಲಿ ನಲವತ್ತೆರಡು ತಾಯಿಗಳಿವೆ, ಅಷ್ಟೇ. ನಾನು ಹತ್ತೊಂಬತ್ತು ವರ್ಷ ಇಲಿ ನೋಡಿದೋಳು, ಇಷ್ಟು ಅಂಜುಬುರುಕಿಗಳನ್ನ ನೋಡಿಲ್ಲ. ಬಾಗಿಲು ಧಡ್ ಅಂದ್ರೆ ಸಾಕು, ಮರಿ ಬಿಟ್ಟು ಓಡ್ತವೆ. ಇಲಿ ಡಾಕ್ಟ್ರು ಹೇಳ್ತಾರೆ, "ಅಕ್ಕಾ, ನಿಮ್ಮ ಮೂಗು ಇಲ್ದಿದ್ರೆ ಈ ವಂಶ ಇಲ್ಲ" ಅಂತ. ಕಾಯಿಲೆ ಬಿದ್ದ ಇಲಿ ಯಾವ ಪಂಜರದಲ್ಲಿದೆ ಅಂತ ಬಾಗಿಲಲ್ಲೇ ಹೇಳ್ತೀನಲ್ಲ, ಅದಕ್ಕೆ.

ಪ್ರತಿ ಸೋಮವಾರ ಅವಕ್ಕೆಲ್ಲ ಪರೀಕ್ಷೆ. ಒಂದೊಂದು ಪಂಜರಕ್ಕೂ ಒಂದೊಂದು ಚೀಟಿ.

ಒಂದು ಮಾತು. ನಮಗೆ ಕೊಡ್ತಿದ್ದ ವಾಸನೆ ಇಲ್ಲದ ಸೋಪು ನಿಂತುಹೋಗಿದೆ. ಇಲಿಗಳ ಮೇವು ಸಂಶೋಧನೆ ಲೆಕ್ಕ, ತಕ್ಷಣ ಬರುತ್ತೆ. ಸೋಪು ಸಿಬ್ಬಂದಿ ಕಲ್ಯಾಣವಂತೆ, ಅದಕ್ಕೆ ಸಹಿ ಹಾಕೋ ಆಫೀಸು ಬಂದ್. ಪಂಜರ ತೊಳೆಯೋ ಸೋಡಾದಲ್ಲೇ ಕೈ ತೊಳ್ಕೊಂಡು ಚರ್ಮ ಸುಲೀತಿದೆ. ಸಾದಾ ಬಿಳಿ ಸೋಪು ಸಿಕ್ಕಿದ್ರೆ ಕಳಿಸು. ಘಮ ಇರೋದು ಬೇಡ, ನಿನಗೆ ಗೊತ್ತಲ್ಲ.

ಶನಿವಾರ ಡೀನ್ ಸಾಹೇಬ್ರು ಬಂದಿದ್ರು. ನಮಗೆಲ್ಲ ಪ್ರಶಂಸಾಪತ್ರ ಕೊಟ್ರು, ಫೋಟೋನೂ ಆಯ್ತು. ನಾನು ಕಣ್ಣು ಮುಚ್ಚಿದೀನೋ ಏನೋ.

ಅಮ್ಮ

*

ಏಪ್ರಿಲ್ 20

ಅಮ್ಮಾ,

ಕಣ್ಣು ಮುಚ್ಚಿಲ್ಲ. ಪೇಪರಲ್ಲಿ ನೋಡಿದೆ, ಕತ್ತರಿಸಿ ಟೈರ್ ಪಟ್ಟಿಯ ಪಕ್ಕ ಅಂಟಿಸಿದೀನಿ. ನೀವು ಐದು ಜನ ಕಟ್ಟಿಹಾಕಿದ ಹಾಗೆ ನಿಂತಿದೀರಿ. ಡೀನು ನಿನ್ನ ಪಕ್ಕದಲ್ಲೇ, ಮಾಸ್ಕು ಗಲ್ಲಕ್ಕೆ ಇಳಿಸಿ ಹಲ್ಲು ಕಿರೀತಿದಾನೆ. ಹಿಂದೆ ಇನ್ನೂ ಆರು ಜನ ಕೋಟಿನವರು. ನಿನ್ನ ಮಗಳು ಗೇಟಿನಿಂದ ಒಳಗೆ ಕಾಲಿಡಬಾರದು, ಕ್ಯಾಮೆರಾದವನು ಮಾತ್ರ ನೀವು ಬಟ್ಟೆ ಬದಲಿಸೋ ಕೋಣೆವರೆಗೂ ಬರಬಹುದು! ನಿಮ್ಮ ಫೋನಿಗೆ ಕ್ಯಾಮೆರಾ ಇದೆ ಅಂತ ತಾನೆ ಕಿತ್ಕೊಂಡಿದ್ದು?

"ಕಟೌಟ್ ಅಂಟಿಸ್ದಂಗೆ ಅಂಟಿಸಿದೀಯಲ್ಲೇ, ನಿಮ್ಮಮ್ಮ ಚುನಾವಣೆಗೆ ನಿಂತಳಾ?" ಅಂತ ಮಾವ ನಗ್ತಾನೆ. ನಿಲ್ಲಲಿ, ಮೊದಲ ವೋಟು ನಂದೇ ಅಂದೆ.

ಸೋಪಿಗೆ ಮೂರು ದಿನ ಅಲೆದೆ. ಪೆಟ್ರೋಲ್ ಬಂಕ್ ಹತ್ರ ಒಂದಂಗಡಿ ಅರ್ಧ ಶಟರ್ ಎತ್ತಿತ್ತು. ಬಿಳಿದು ಎರಡಿತ್ತು, ಎರಡೂ ತಗೊಂಡೆ. ಒಂದು ಮನೇಲಿದೆ. "ಬಿಳಿ ಅಂದ್ಮೇಲೆ ಸಾದಾನೇ" ಅಂದ ಅಂಗಡಿಯವನು. ಡಬ್ಬಕ್ಕೆ ಹಾಕುವಾಗ ರ್‍ಯಾಪರ್ ಇರಬಾರದು ಅಂತ ಗೇಟಣ್ಣ ಕಿತ್ತೆಸೆದ. ನನ್ನ ಮೂಗನ್ನ ನಂಬಬೇಡ, ಅದು ಪಂಕ್ಚರ್ ಸೊಲ್ಯೂಷನ್ ಕುಡಿದು ಕುಡಿದು ಸತ್ತಿದೆ. ನೀನೇ ಮೂಸಿ ನೋಡು. ಘಮ ಇದ್ರೆ ಬಿಸಾಕು.

ಸೋಪು ಹುಡುಕಿ ಹುಡುಕಿ ಸವೆದ,
ಮೆಣಸಿನಕಾಯಿ

*

ಏಪ್ರಿಲ್ 24

ಮೆಣಸಿನಕಾಯಿ,

ಸೋಪು ಸಿಕ್ತು. ಮೂಗಿಗೆ ಹಿಡಿದು ಎರಡು ಸಲ ನೋಡಿದೆ, ಏನೂ ವಾಸನೆ ಇಲ್ಲ. ಒಳ್ಳೆ ಸೋಪು. ಎರಡೇ ದಿನಕ್ಕೆ ಕೈ ಉರಿ ಇಳಿದಿದೆ.

ನಡುವೆ ಒಂದೆರಡು ದಿನ ಮೈಕೈ ನೋವಿತ್ತು. ಮಾತ್ರೆ ನುಂಗಿದೆ, ಹೋಯ್ತು. ನಮ್ಮ ಜೊತೆ ಪಂಜರ ತೊಳೆಯೋ ದೊಡ್ಡಣ್ಣನಿಗೂ ಹಂಗೇ. ಹಸಿ ನೆಲ ಅಲ್ವಾ. ಕ್ಯಾಂಟೀನಿನವನು ಮಾತ್ರ ಉಪ್ಪು ಖಾರ ಎಲ್ಲ ಮರೆತಿದಾನೆ, ಏನು ತಿಂದರೂ ರಟ್ಟು ಅಗಿದ ಹಾಗೆ. "ಮದುವೆ ಆಗಿರ್ಬೇಕು ಅವನಿಗೆ, ಜೀವನದಲ್ಲಿ ರುಚಿನೇ ಹೋಗಿದೆ" ಅಂತ ದೊಡ್ಡಣ್ಣ ಹೇಳಿ ನಗಿಸಿದ.

ಹನ್ನೊಂದು ತಾಯಿಗಳು ಈ ವಾರ ಹೆರುತ್ತವೆ. ಲಸಿಕೆಯವರು ಆ ಮರಿಗಳಿಗೇ ಕಾಯ್ತಿದಾರೆ.

ಅಮ್ಮ

*

ಮೇ 3

ಅಮ್ಮಾ,

ಒಂಬತ್ತು ದಿನ ಆಯ್ತು. ಒಂದು ಸಾಲಿಲ್ಲ. ಗೇಟಣ್ಣನ್ನ ಕೇಳಿದ್ರೆ ಆಕಾಶ ನೋಡ್ತಾನೆ. ಮರಿ ಹುಟ್ಟಿದ್ವಾ? ಹನ್ನೊಂದು ಬಾಣಂತನದಲ್ಲಿ ಹೆತ್ತ ಮಗಳು ಮರೆತುಹೋದ್ಲಾ?

ಕಾಯ್ತಾ ಇರೋ,
ಪಂಜರವಿಲ್ಲದ ನಿನ್ನ ಮರಿ

*

ಮೇ 6

ಮಗಳೇ,

ಕೆಲಸ ಜಾಸ್ತಿ. ಚೆನ್ನಾಗಿದೀನಿ. ಸೋಪು ಇನ್ನು ಕಳಿಸಬೇಡ.

ಅಮ್ಮ

*

ಮೇ 11

ತಂಗೀ,

ನಾನು ಪ್ರಾಣಿಗೃಹದ ಪಶುವೈದ್ಯ. ನಿಮ್ಮ ತಾಯಿ "ಇಲಿ ಡಾಕ್ಟ್ರು" ಎನ್ನುವುದು ನನ್ನನ್ನೇ. ಅವರಿಗೆ ತಿಳಿಸದೆ ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಯ ವಾರದಲ್ಲಿ ಹನ್ನೊಂದು ತಾಯಿಗಳು ಹೆತ್ತವು. ಮೂರು ದಿನಗಳಲ್ಲಿ ಒಂಬತ್ತು ತಾಯಿಗಳು ತಮ್ಮ ಮರಿಗಳನ್ನು ತಾವೇ ತಿಂದುಹಾಕಿದವು. ಮರಿಗಳ ಮೇಲೆ ತೀರಾ ಪರಕೀಯವಾದ ವಾಸನೆ ಕೂತರೆ ಈ ಜಾತಿಯ ತಾಯಿಗಳು ಹೀಗೆ ಮಾಡುವುದುಂಟು. ಕೈತೊಳೆಯುವ ಜಾಗದಲ್ಲಿ ಗುಲಾಬಿಯ ಘಮವಿರುವ ಸೋಪು ಸಿಕ್ಕಿತು. ಲಸಿಕೆಯ ಪ್ರಯೋಗ ಎರಡು ತಿಂಗಳು ಹಿಂದೆ ಬಿದ್ದಿದೆ.

ಸೋಪು ತನ್ನದೇ, ಮನೆಯಿಂದ ಬರುವಾಗ ಚೀಲದಲ್ಲಿತ್ತು ಎಂದು ನಿಮ್ಮ ತಾಯಿ ಹೇಳಿದ್ದಾರೆ. ನಾನು ನಂಬುವುದಿಲ್ಲ. ಕರ್ತವ್ಯಲೋಪಕ್ಕಾಗಿ ಕೆಲಸದಿಂದ ಏಕೆ ತೆಗೆಯಬಾರದು ಎಂದು ಡೀನ್ ಕಚೇರಿ ಅವರಿಗೆ ನೋಟಿಸ್ ಕೊಟ್ಟಿದೆ. ಉತ್ತರಕ್ಕೆ ಮೇ 20 ಕೊನೆಯ ದಿನ. ಅವರು ತಪ್ಪೊಪ್ಪಿಗೆ ಬರೆದು ಸಹಿ ಮಾಡಲು ಹೊರಟಿದ್ದಾರೆ. ಸಹಿ ಬಿದ್ದರೆ ನಾನೇನೂ ಮಾಡಲಾರೆ.

ಪಶುವೈದ್ಯ

*

ಮೇ 12

ಅಮ್ಮಾ,

ಇಲಿ ಡಾಕ್ಟ್ರು ಎಲ್ಲ ಹೇಳಿದ್ರು. ಅವರನ್ನ ಬೈಬೇಡ. ನನ್ನನ್ನ ಬೈ.

ಆ ಸೋಪು ಕಳಿಸಿದ್ದು ನಾನು. ನಾನು! ಚೀಲದಲ್ಲಿತ್ತು ಅಂತ ಯಾಕೆ ಸುಳ್ಳು ಹೇಳ್ದೆ? ನನ್ನ ಹೆಸರು ಹೇಳಿದ್ರೆ ಏನು, ಅವರು ನನ್ನನ್ನ ಯಾವ ಕೆಲಸದಿಂದ ತೆಗೀತಾರೆ? ಪಂಕ್ಚರ್ ಹಾಕೋದ್ರಿಂದಲಾ? ಮೂರನೇ ಕ್ಲಾಸಲ್ಲಿ ನಾನು ಸ್ಕೂಲಿನ ಗಾಜು ಒಡೆದಾಗಲೂ ನೀನೇ ಹೋಗಿ "ನನ್ನ ಕೈ ತಾಗಿತು" ಅಂದಿದ್ದೆ. ಈಗ ನನಗೆ ಹತ್ತೊಂಬತ್ತು. ನನ್ನ ತಪ್ಪು ನನಗೆ ಕೊಡು.

ಇನ್ನೊಂದು ಕೇಳ್ತೀನಿ. ಅವರು ಸೋಪು ಕೊಟ್ಟಿದ್ರೆ ನೀನು ನನ್ನನ್ನ ಕೇಳ್ತಿದ್ಯಾ? ಸಹಿ ಹಾಕದ ಆಫೀಸಿಗೆ ಯಾಕೆ ನೋಟಿಸ್ ಇಲ್ಲ?

ಸಹಿ ಹಾಕ್ಬೇಡ.
ನಿನ್ನ ಮಗಳು

*

ಮೇ 15

ಮಗಳೇ,

ನೀನು ಸೋಪು ಕಳಿಸ್ದೆ. ಮೂಸಿ ನೋಡು ಅಂತಾನೂ ಬರೆದಿದ್ದೆ. ನೋಡಿದ್ದು ನಾನು. ತಪ್ಪು ಯಾರದ್ದು ಹೇಳು?

ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಮರಿನೂ ನನ್ನ ಕೈಯಿಂದ ಸತ್ತಿರಲಿಲ್ಲ. ಪಂಜರ ತೆಗೆದಾಗ ಏನು ಕಾಣ್ತು ಅಂತ ನಿನಗೆ ಬರೆಯಲ್ಲ. ಉಳಿದ ತಾಯಿಗಳು ನಾನು ಹೋದ್ರೆ ಮೂಲೆ ಸೇರ್ತವೆ. ವಯಸ್ಸಾಯ್ತು, ಮೂಗು ಮೋಸ ಮಾಡ್ತು. ಮೂಗಿಲ್ಲದೋಳಿಗೆ ಇಲ್ಲೇನು ಕೆಲಸ? 19ಕ್ಕೆ ಸಹಿ ಮಾಡಿ ಹೊರಗೆ ಬರ್ತೀನಿ. ಮನೆಗೆ ಬಂದಂಗೂ ಆಗುತ್ತೆ. ಮಾವನಿಗೆ ಹೇಳು, ನನಗೂ ಟ್ಯೂಬ್ ಉಜ್ಜೋದು ಕಲಿಸಲಿ.

ಅಮ್ಮ

*

ಮೇ 17

ಅಮ್ಮಾ,

ಕೂತ್ಕೊಂಡು ಓದು. ಗಡಿಬಿಡಿ ಮಾಡ್ಬೇಡ.

ನಿನ್ನೆ ನಾನು ಮನೇಲಿದ್ದ ಆ ಇನ್ನೊಂದು ಸೋಪನ್ನ ಬಿಚ್ಚಿ ಸಿಂಕಿನ ಹತ್ರ ಇಟ್ಟಿದ್ದೆ. ಪಕ್ಕದ ಮನೆ ಆಂಟಿ ಸಕ್ಕರೆ ಕೇಳೋಕೆ ಬಂದ್ರು. ಮಾಸ್ಕ್ ಹಾಕ್ಕೊಂಡು ಬಾಗಿಲಾಚೆ ನಿಂತಿದ್ದಾರೆ. ನಿಂತವರೇ, "ಏನೇ ಇದು, ಗಂಡಿನ ಕಡೆಯೋರು ನೋಡೋಕೆ ಬರ್ತಿದಾರಾ? ಮನೆಯೆಲ್ಲ ಗುಲಾಬಿ!" ಅಂದ್ರು.

ಬಾಗಿಲಾಚೆ. ಮಾಸ್ಕ್ ಒಳಗಿಂದ.

ನೀನು ಅದನ್ನ ಮೂಗಿಗೆ ಹಿಡಿದು ಎರಡು ಸಲ ನೋಡಿ "ಏನೂ ವಾಸನೆ ಇಲ್ಲ" ಅಂತ ಬರೆದಿದ್ದೆ. ಆ ಕಾಗದ ಹುಡುಕಿ ತೆಗೆದೆ. ಅದರಲ್ಲೇ ಇದೆ: ಮೈಕೈ ನೋವು. ಊಟಕ್ಕೆ ಉಪ್ಪಿಲ್ಲ, ಖಾರ ಇಲ್ಲ, ರಟ್ಟಿನ ಹಾಗೆ. ದೊಡ್ಡಣ್ಣನಿಗೂ ಹಂಗೇ. ಕ್ಯಾಂಟೀನಿನವನು ಉಪ್ಪು ಮರೆತಿಲ್ಲಮ್ಮಾ! ಬೀದಿ ಬೀದೀಲಿ ಮೈಕ್ ಕಟ್ಟಿ ಕೂಗ್ತಿದಾರೆ, "ವಾಸನೆ ರುಚಿ ಗೊತ್ತಾಗದಿದ್ದರೆ ಕೂಡಲೇ ಪರೀಕ್ಷೆ ಮಾಡಿಸಿ" ಅಂತ. ನಿಮ್ಮ ಕಟ್ಟಡಕ್ಕೆ ಆ ಮೈಕು ಕೇಳಿಸಲ್ಲ, ಕಿಟಕಿಯೆಲ್ಲ ಇಲಿಗಳಿಗೋಸ್ಕರ ಮುಚ್ಚಿದೆ.

ವಯಸ್ಸಾಗಿದ್ದಲ್ಲ. ನಿನಗೆ ಸೋಂಕು ಬಂದಿತ್ತು. ಪ್ರತಿ ಸೋಮವಾರ ಇಲಿಗಳಿಗೆ ಪರೀಕ್ಷೆ. ನಿಮಗೆ ಒಂದೇ ಒಂದು ಸಲ ಯಾರಾದ್ರೂ ಮಾಡಿದ್ರಾ? ಅದೂ ಮೆಡಿಕಲ್ ಕಾಲೇಜಲ್ಲಿ!

ಯಾರಿಂದ ಬಂತು ಅಂತಾನೂ ಗೇಟಣ್ಣನ ಬಾಯಿ ಬಿಡಿಸಿದೀನಿ. ಅದನ್ನ ಡೀನಿಗೇ ಬರೀತೀನಿ.

ಸಹಿ ಹಾಕಿದ್ರೆ ನೀನು ನನ್ನಮ್ಮ ಅಲ್ಲ. ಸುಳ್ಳು ಹೇಳ್ದೆ, ನೀನು ನನ್ನಮ್ಮನೇ. ಆದ್ರೂ ಹಾಕ್ಬೇಡ.

ಮೆಣಸಿನಕಾಯಿ

*

ಮೇ 18

ಡೀನ್ ಸಾಹೇಬ್ರಿಗೆ,

ನಾನು ನಿಮ್ಮ ಪ್ರಾಣಿಗೃಹದ ಕೆಲಸದವಳ ಮಗಳು. ಹೆಚ್ಚು ಓದಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ, ನೀವು ಓದಿದವರು.

ಸೋಪು ಕಳಿಸಿದ್ದು ನಾನು. ಅಮ್ಮ ಕೇಳಿದ್ದು ಯಾಕಂದ್ರೆ ನೀವು ಕೊಡೋದು ನಿಲ್ಲಿಸಿದ್ರಿ. ಅವಳು ಅದನ್ನ ಬಳಸಿದ್ದು ಯಾಕಂದ್ರೆ ಅವಳಿಗೆ ವಾಸನೆ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದು ಯಾಕಂತ ಡಾಕ್ಟರ್ ಆದ ನಿಮಗೆ ಪಂಕ್ಚರ್ ಹಾಕೋ ಹುಡುಗಿ ಹೇಳಬೇಕಾ?

ಜೊತೆಗೆ ಪೇಪರಿನ ಫೋಟೋ ಇಟ್ಟಿದೀನಿ. ಎಣ್ಣೆ ಕಲೆ ನನ್ನ ಕೈದು. ಗಲ್ಲದ ಮೇಲಿರೋ ಮಾಸ್ಕು ನಿಮ್ಮದು. ಅದು ಏಪ್ರಿಲ್ 11. ಮೂರನೇ ದಿನದಿಂದ ಎರಡು ವಾರ ನಿಮ್ಮ ಕಾರು ಕಾಲೇಜಿಗೆ ಬರಲಿಲ್ಲ. ನಿಮ್ಮನ್ನ ಸ್ಪೆಷಲ್ ವಾರ್ಡಲ್ಲಿ ನೋಡ್ಕೊಂಡ್ರು, ಗುಣವಾಯ್ತು, ಸಂತೋಷ. ನೀವು ಯಾರ ಹೆಗಲ ಪಕ್ಕ ನಿಂತು ನಕ್ಕಿರೋ ಆ ಐದು ಜನಕ್ಕೆ ಒಂದು ಮಾತು ಹೇಳಿ ಕಳಿಸಿದ್ರಾ?

ಇಲಿಗಳನ್ನ ವಾರ ವಾರ ಪರೀಕ್ಷೆ ಮಾಡ್ತೀರಿ. ಮನುಷ್ಯರನ್ನ ಒಂದು ಸಲ ಮಾಡಿ. ಆಮೇಲೆ ನೋಟಿಸ್ ಯಾರಿಗೆ ಅಂತ ಮಾತಾಡೋಣ.

ಇಂತಿ, ಹೆದರದವಳು

*

ಮೇ 27

ಶ್ರೀಮತಿಯವರಿಗೆ,

ತಮ್ಮ ದಿನಾಂಕ 18ರ ಪತ್ರವನ್ನು ಸ್ವೀಕರಿಸಲಾಗಿದೆ. ವಿಷಯದ ಗಂಭೀರತೆಯನ್ನು ಪರಿಗಣಿಸಿ ಪ್ರಾಣಿಗೃಹದ ಎಲ್ಲ ಇಲಿಗಳನ್ನು ಮರುಪರೀಕ್ಷೆಗೆ ಒಳಪಡಿಸಲಾಗಿದ್ದು, ಯಾವುದೇ ಇಲಿಯಲ್ಲಿ ಸೋಂಕು ಕಂಡುಬಂದಿಲ್ಲ ಎಂದು ತಿಳಿಸಲು ಹರ್ಷಿಸುತ್ತೇವೆ. ಆದ್ದರಿಂದ ಆತಂಕಕ್ಕೆ ಕಾರಣವಿಲ್ಲ. ನೋಟಿಸಿಗೆ ಸಂಬಂಧಪಟ್ಟ ಸಿಬ್ಬಂದಿ ಇದುವರೆಗೂ ಉತ್ತರ ನೀಡಿರುವುದಿಲ್ಲ.

ಡೀನ್‌ರವರ ಪರವಾಗಿ

*

ಮೇ 28

ಇಲಿ ಡಾಕ್ಟ್ರೇ,

ಈ ಕಾಗದ ಓದಿ. ನಗಬೇಡಿ. ನಾನು ಮೂರು ಸಲ ಓದಿ ಮಾವನ ಪಂಪನ್ನ ಗೋಡೆಗೆ ಎಸೆದೆ. ಅಮ್ಮನ ಬಗ್ಗೆ ಬರೆದ್ರೆ ಇಲಿಗಳ ಆರೋಗ್ಯ ಹೇಳ್ತಾರೆ!

ಸೋಮವಾರ ನೀವು ಆ ಕಡ್ಡಿ, ಟ್ಯೂಬು ಎಲ್ಲ ತಗೊಂಡು ಒಳಗೆ ಹೋಗ್ತೀರಲ್ಲ. ಐದು ಜಾಸ್ತಿ ತಗೊಂಡು ಹೋಗಿ. ನಿಮಗೆ ಕೆಲಸದ ಭಯ ಇದ್ರೆ ಹೇಳಿ, ನಾನೇ ಕದ್ದು ತಂದ್ಕೊಡ್ತೀನಿ.

ಅಕ್ಕನ ಮಗಳು

*

ಜೂನ್ 5

ತಂಗೀ,

ಕದಿಯುವ ಅಗತ್ಯ ಬರಲಿಲ್ಲ. ಬಂದು ಹೋದ ಸೋಂಕು ಕಡ್ಡಿಯಲ್ಲಿ ಸಿಗದು, ರಕ್ತದಲ್ಲಿ ಸಿಗುತ್ತದೆ; ಸೋಮವಾರ ಐವರ ರಕ್ತವನ್ನೂ ತೆಗೆದು, ಯಾರನ್ನೂ ಕೇಳದೆ ಯಂತ್ರಕ್ಕೆ ಹಾಕಿದೆ. ನಾಲ್ವರಿಗೆ ಸೋಂಕು ಬಂದು ಹೋಗಿದೆ. ನಿಮ್ಮ ತಾಯಿಯವರೂ ಒಬ್ಬರು. ಪುಣ್ಯಕ್ಕೆ ಯಾರಿಗೂ ಉಸಿರಿಗೆ ತೊಂದರೆಯಾಗಲಿಲ್ಲ. ಆಗಿದ್ದರೆ ಆ ಕೋಣೆಯಲ್ಲಿ ಆಮ್ಲಜನಕವೂ ಇರಲಿಲ್ಲ. ಅವರು ಮಾಸ್ಕು, ಗವಸು ತೆಗೆಯದೆ ದುಡಿದದ್ದರಿಂದ ಇಲಿಗಳು ಸೋಂಕಿನಿಂದ ಉಳಿದವು. ಗವಸು ಹರಿದಾಗ ಬರಿಗೈ ತಾಗಿದ್ದು ಒಂಬತ್ತು ಪಂಜರಗಳಿಗೆ.

ವರದಿಯನ್ನು ಡೀನರ ಮೇಜಿನ ಮೇಲೆ ಇಟ್ಟೆ. "ನಿಮಗೆ ಇದನ್ನು ಮಾಡಲು ಯಾರು ಹೇಳಿದರು?" ಎಂದರು. "ಪಂಕ್ಚರ್ ಅಂಗಡಿಯವರು" ಎಂದೆ. ನೋಟಿಸ್ ಹಿಂದಕ್ಕೆ ಪಡೆದಿದ್ದಾರೆ. ಕಾರಣ ಬರೆದಿಲ್ಲ.

ಪಶುವೈದ್ಯ

*

ಜೂನ್ 12

ಮೆಣಸಿನಕಾಯಿ,

ನೀನು ಗೇಟು ಹತ್ತಲಿಲ್ಲ, ಒಡೆದೇ ಹಾಕಿದೆ. ಇಲ್ಲಿ ಎಲ್ಲರೂ ನಿನ್ನ ಹೆಸರು ಹೇಳಿ ನಗ್ತಾರೆ. ದೊಡ್ಡಣ್ಣ ತನ್ನ ಮಗಳನ್ನ ಸ್ಕೂಲ್ ಬಿಡಿಸ್ತಾನಂತೆ, ನಿನ್ನ ಥರ ಆಗಲಿ ಅಂತ. ಬೈದೆ.

ಫ್ಯಾನ್ ಬಂತು. ಸೋಪೂ ಬಂತು, ಒಂದು ಪೆಟ್ಟಿಗೆ. ಉಳಿದ ಎರಡು ತಾಯಿಗಳ ಮರಿ ತಾಯಿಯಷ್ಟೇ ಬೆಳೆದು ಓಡಾಡ್ತಿವೆ. ಇನ್ನೊಂದು ತಿಂಗಳು ನಾನಿಲ್ಲೇ ಇರ್ತೀನಿ. ಸಿಟ್ಟು ಮಾಡ್ಬೇಡ. ಅವಕ್ಕೆ ಹೊಸಬರ ಕೈ ಆಗಲ್ಲ.

ಮೂಗು ಪೂರ್ತಿ ಬಂದಿಲ್ಲ. ಆದ್ರೆ ನಿನ್ನ ಹೋದ ಕಾಗದ ಮಡಚುವಾಗ ಏನೋ ಸುಳಿದ ಹಾಗಾಯ್ತು. ಮತ್ತೆ ಬಿಚ್ಚಿ ಮೂಗಿಗೆ ಹಿಡಿದೆ. ಪಂಕ್ಚರ್ ಸೊಲ್ಯೂಷನ್ನು. ಸ್ವಲ್ಪವೇ. ಅದನ್ನ ದಿಂಬಿನ ಕೆಳಗಿಟ್ಟಿದೀನಿ.

ಈಗ ಸೋಮವಾರ ನಮಗೂ ಪರೀಕ್ಷೆ. ಚೀಟಿ ಕೊಡ್ತಾರೆ, ನನ್ನದನ್ನ ಇದರ ಜೊತೆ ಇಟ್ಟಿದೀನಿ. ಮನುಷ್ಯರಿಗೆ ಅಂತ ಬೇರೆ ಚೀಟಿ ಅಚ್ಚು ಹಾಕಿಲ್ವಂತೆ, ಇಲಿಗಳದ್ದೇ ಕೊಟ್ಟಿದಾರೆ. ನೀನು ರೇಗ್ಬೇಡ. ಜಾಸ್ತಿ ರೇಗ್ಬೇಡ.

ಅಮ್ಮ

*

ಜೂನ್ 15

ಡೀನ್ ಸಾಹೇಬ್ರಿಗೆ,

ನೋಟಿಸ್ ವಾಪಸ್ ತಗೊಂಡ್ರಿ. ತಪ್ಪಾಯ್ತು ಅನ್ನೋದು ಬಾಕಿ ಇದೆ. ತಪ್ಪು ಹೊರಿಸುವಾಗ ಕಾಗದದ ಮೇಲೆ ಹೊರಿಸಿದ್ರಿ, ಇಳಿಸುವಾಗಲೂ ಕಾಗದ ಬೇಕು. ಐದು ಜನಕ್ಕೆ ಐದು. ಪ್ರಶಂಸಾಪತ್ರಕ್ಕೆ ಹಾಕಿದ್ರಲ್ಲ, ಅದೇ ದಪ್ಪ ಕಾಗದ ಆಗಲಿ.

ಅಮ್ಮನ ಪರೀಕ್ಷೆಯ ಚೀಟಿ ನನ್ನ ಹತ್ರ ಇದೆ. "ಪ್ರಾಣಿಯ ತೂಕ" ಅನ್ನೋ ಜಾಗದಲ್ಲಿ ಗುಮಾಸ್ತ ಗೀಟು ಎಳೆದಿದಾನೆ. "ಪಂಜರ ಸಂಖ್ಯೆ" ಅನ್ನೋ ಜಾಗದಲ್ಲಿ "ತೊಳೆಯುವ ಕೋಣೆ" ಅಂತ ಬರೆದಿದಾನೆ. ಅವನೊಬ್ಬನಾದ್ರೂ ನಿಜ ಬರೆದ.

ಗೇಟಣ್ಣನ ಹತ್ರ ಅದೇ ಥರದ ಒಂದು ಖಾಲಿ ಚೀಟಿ ಇಸ್ಕೊಂಡು ನಿಮಗೋಸ್ಕರ ತುಂಬಿಸಿದೀನಿ. ಜಾತಿ: ಮನುಷ್ಯ. ಪಂಜರ: ಎರಡನೇ ಮಹಡಿ, ಎಸಿ ಇದೆ. ನೋಡಿಕೊಳ್ಳುವವರು: ನನ್ನಮ್ಮನಂಥೋರು. ಪರೀಕ್ಷೆಯ ದಿನಾಂಕ ಮತ್ತು ಫಲಿತಾಂಶ, ಇವೆರಡು ಮಾತ್ರ ಖಾಲಿ ಬಿಟ್ಟಿದೀನಿ. ಏಪ್ರಿಲ್ 11ರ ಆಸುಪಾಸಿನದ್ದು ನಿಮಗೆ ನೆನಪಿರುತ್ತೆ.

ತುಂಬಿ ಕಳಿಸಿ. ನಾನು ದಿನಾ ಬೆಳಿಗ್ಗೆ ಅಂಗಡಿಗೆ ಹೋಗೋ ಮುಂಚೆ ಗೇಟಿನ ಹತ್ರ ಬಂದು ಕೇಳ್ತೀನಿ.

ಮೆಣಸಿನಕಾಯಿ